ಹಿಂಬದಿ ಖಾಲಿಯಿದ್ದ ನೋಟು

ಹಳೆಯ ನೋಟು ಕೂಡಿಡುವ ಗೆಳೆಯರೊಬ್ಬರು ಮೊನ್ನೆ ನನ್ನ ಕೈಗೆ ಒಂದು ನೋಟು ಕೊಟ್ಟರು. ಅಮೆರಿಕದ ಮಿಚಿಗನ್ ರಾಜ್ಯದ ಯಾವುದೋ ಬ್ಯಾಂಕಿನದು, 1837ರ ಕಾಲದ್ದು. ಮುಂದೆ ಚೆಂದದ ಚಿತ್ರ, ಮಸಿಯ ರುಜು. ಹಿಂದೆ ಬರೀ ಖಾಲಿ.

ರಾಜ್ಯಗಳು ಕಾಗದದ ಹಣ ಹೊರಡಿಸಕೂಡದೆಂದು ಅಲ್ಲಿನ ಸಂವಿಧಾನವೇ ಹೇಳಿತ್ತು. ಆದರೆ ರಾಜ್ಯದ ಒಡೆತನದ ಬ್ಯಾಂಕು ಹೊರಡಿಸಿದರೆ ತಪ್ಪಿಲ್ಲವೆಂದು 1837ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಚಾಪೆಯಲ್ಲ, ರಂಗೋಲಿಯ ಕೆಳಗೇ ತೂರಿದಂತಾಯಿತು! ಖಾಸಗಿ ಬ್ಯಾಂಕುಗಳಿಗಂತೂ ರಾಜ್ಯದ ಸನ್ನದೇ ಸಾಕಿತ್ತು.

ಅದೇ ವರ್ಷ ಮಿಚಿಗನ್ ಹೊಸ ಕಾನೂನು ತಂದು ಬ್ಯಾಂಕು ತೆರೆಯುವುದನ್ನು ಸಲೀಸು ಮಾಡಿತು. ನೋಟಿನ ಬೆಂಬಲಕ್ಕೆ ಪೆಟ್ಟಿಗೆಯಲ್ಲಿ ಬೆಳ್ಳಿ-ಬಂಗಾರದ ನಾಣ್ಯವಿರಬೇಕಿತ್ತು. ತಪಾಸಣೆಯ ಕಮಿಷನರುಗಳು ಬರುವ ಮೊದಲೇ ಅವೇ ನಾಣ್ಯಗಳು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಓಡುತ್ತಿದ್ದವು. ಕೆಲವು ಪೆಟ್ಟಿಗೆಗಳಲ್ಲಿ ಮೇಲೊಂದು ಪದರ ನಾಣ್ಯ, ಕೆಳಗೆಲ್ಲ ಮೊಳೆ. ಕೆಲವೇ ವರ್ಷಗಳಲ್ಲಿ ಹೆಚ್ಚಿನವು ಮುಳುಗಿದವು.

ಅಂಗಡಿಯವರ ಬಳಿ ಯಾವ ನೋಟಿಗೆಷ್ಟು ಬೆಲೆ, ಯಾವುದು ಖೋಟಾ ಎಂದು ತಿಳಿಸುವ ಪುಸ್ತಿಕೆ ಇರುತ್ತಿತ್ತು. ಕೂಲಿಯಾಳಿಗೆ ಅದೆಲ್ಲಿಯದು? ಸಂಬಳವೆಂದು ಕೊಟ್ಟದ್ದನ್ನು ಕಿಸೆಗೆ ಹಾಕಿಕೊಳ್ಳುತ್ತಿದ್ದ.

1865ರಲ್ಲಿ ಕೇಂದ್ರದ ಕಾಂಗ್ರೆಸ್ಸು ಇಂಥ ನೋಟುಗಳ ಮೇಲೆ ಶೇಕಡಾ 10 ತೆರಿಗೆ ಹೇರಿತು. ಅವುಗಳ ಕಾಲ ಮುಗಿಯಿತು.

ಗೆಳೆಯರು ಅದಕ್ಕೆ ಮುಖಬೆಲೆಯ ಎಷ್ಟೋ ಪಾಲು ತೆತ್ತಿದ್ದರಂತೆ. ಅಂಚೆಲ್ಲ ಸವೆದಿತ್ತು. ಬ್ಯಾಂಕು ಮುಚ್ಚಿದ ದಿನ ಅದು ಯಾರ ಕೈಯಲ್ಲಿತ್ತೋ.