ಮಿಸೆಸ್ ಬಿ. ಅವರ ಮನೆಪಾಠ

ಕರೆಂಟು ಹೋದ ಒಂದು ಸಂಜೆಯ ಮಾತು. ಮಗಳಿಗೆ ಆಗ ಏಳನೇ ಕ್ಲಾಸು. ಮೇಣದ ಬತ್ತಿ ಹಚ್ಚಿಟ್ಟು ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. “ಹೇಗೂ ಹಚ್ಚಿದೀಯಲ್ಲಮ್ಮ, ಪುಸ್ತಕದಲ್ಲಿರೋ ಪ್ರಯೋಗ ಮಾಡೋಣ” ಎಂದವಳೇ ಊಟದ ತಟ್ಟೆಗೆ ನೀರು ಸುರಿದುಬಿಟ್ಟಳು. ನಡುವೆ ಬತ್ತಿ ನಿಲ್ಲಿಸಿ ಮೇಲೆ ಗಾಜಿನ ಲೋಟ ಬೋರಲು ಹಾಕಿದಳು. ದೀಪ ಆರಿತು, ನೀರು ಲೋಟದೊಳಕ್ಕೆ ಏರಿತು. ಗಾಳಿಯಲ್ಲಿ ಐದರಲ್ಲೊಂದು ಪಾಲು ಆಮ್ಲಜನಕ, ಅದು ಉರಿದು ತೀರಿತು, ಖಾಲಿಯಾದ ಜಾಗಕ್ಕೆ ನೀರು ಬಂತು ಎಂದು ಒಗ್ಗರಣೆ ಸೌಟು ಹಿಡಿದುಕೊಂಡೇ ಒಪ್ಪಿಸಿದೆ.

ನಾನು ಬಿ.ಎ., ಬಿ.ಎಡ್., ಇತಿಹಾಸದ ಮೇಡಂ. ಆದರೆ ವಿಜ್ಞಾನದವರು ರಜೆ ಹಾಕಿದಾಗಲೆಲ್ಲ ಆ ಪಾಠವೂ ನನ್ನ ತಲೆಗೇ. ಪ್ರಯೋಗದ ಸಾಮಾನಿನ ಬೀರುವಿಗೆ ಸದಾ ಬೀಗ. ಗಾಜು ಒಡೆದರೆ ದುಡ್ಡು ನಾವೇ ಕಟ್ಟಬೇಕಿತ್ತು. ಹಾಗಾಗಿ ಈ ಪ್ರಯೋಗವನ್ನು ಎಷ್ಟೋ ವರ್ಷ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲೇ ಮಾಡಿ ಮುಗಿಸಿದ್ದೆ. ಸೀಮೆಸುಣ್ಣದ ನೀರು ನಾವು ಗೆರೆ ಎಳೆದಷ್ಟೇ ಏರುತ್ತದೆ ನೋಡಿ.

“ಎರಡು ಬತ್ತಿ ಇಟ್ಟರೆ?” ಎಂದಳು.

“ಒಳಗಿರೋ ಗಾಳಿ ಅಷ್ಟೇ ಅಲ್ವಾ, ನೀರೂ ಅಷ್ಟೇ ಏರುತ್ತೆ.”

ಇಟ್ಟಳು. ನೀರು ಮೊದಲಿಗಿಂತ ಚೆನ್ನಾಗಿಯೇ ಮೇಲೇರಿತು. “ಉರಿಯೋವಾಗ ಏರಲೇ ಇಲ್ಲಮ್ಮ. ಆರಿದ ಮೇಲೆ ಏರಿತು” ಎಂದು ಬೇರೆ ಸೇರಿಸಿದಳು. ನನಗೆ ಮಾತು ಹೊರಡಲಿಲ್ಲ.

ಆ ರಾತ್ರಿ ನನ್ನ ತಲೆಯಲ್ಲಿ ಸುಳಿದದ್ದು ಜೇನ್ ಮಾರ್ಸೆಟ್. ಯೂರೋಪಿನ ಇತಿಹಾಸ ಓದುವಾಗ ಪರಿಚಯವಾದ ಹೆಂಗಸು. 1769ರಲ್ಲಿ ಲಂಡನ್ನಿನ ಸ್ವಿಸ್ ವರ್ತಕರ ಮನೆಯಲ್ಲಿ ಹುಟ್ಟಿದವರು. ಗಂಡ ವೈದ್ಯರು, ರಸಾಯನಶಾಸ್ತ್ರದ ಹುಚ್ಚು ಇದ್ದವರು. ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸವೆಂದರೆ ಆಗ ಊರಿಗೆ ಊರೇ ಸೇರುತ್ತಿತ್ತು. ಮಾರ್ಸೆಟ್ ಕೂಡ ಹೋದರು. ಆದರೆ ಅಲ್ಲಿ ಸರಸರನೆ ತೋರಿಸುತ್ತಿದ್ದ ಪ್ರಯೋಗಗಳು ತಲೆಗೆ ಹತ್ತಲೇ ಇಲ್ಲವಂತೆ. ಆಮೇಲೆ ತಿಳಿದವರೊಡನೆ ಮಾತಾಡಿ, ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಾಗಲೇ ಅರ್ಥವಾಯಿತೆಂದು ಆಕೆಯೇ ಮುನ್ನುಡಿಯಲ್ಲಿ ಬರೆದುಕೊಂಡಿದ್ದಾರೆ. ಹೆಣ್ಣಾಗಿ ಇಂಥ ಪುಸ್ತಕ ಬರೆದದ್ದಕ್ಕೆ ಅಲ್ಲೇ ಸಂಕೋಚವನ್ನೂ ಪಟ್ಟಿದ್ದಾರೆ.

1806ರಲ್ಲಿ ಬಂದ ಆ ಪುಸ್ತಕದ ಹೆಸರನ್ನು ‘ರಸಾಯನಶಾಸ್ತ್ರದ ಸಂಭಾಷಣೆಗಳು’ ಎನ್ನಬಹುದು. ಪುಸ್ತಕವೆಲ್ಲ ಮಾತುಕತೆಯೇ. ಮಿಸೆಸ್ ಬಿ. ಎಂಬ ಹಿರಿಯ ಹೆಂಗಸು, ಎಮಿಲಿ, ಕ್ಯಾರೊಲಿನ್ ಎಂಬ ಇಬ್ಬರು ಹುಡುಗಿಯರು. ರಸಾಯನವೆಂದರೆ ಔಷಧಿ ಅಂಗಡಿಯವರ ಕೆಲಸ ತಾನೇ ಎಂದು ಕ್ಯಾರೊಲಿನ್ ಮೊದಲು ಮೂಗು ಮುರಿಯುತ್ತಾಳೆ. ಇಂಥ ಹುಡುಗಿ ನಮ್ಮ ಪ್ರತಿ ಕ್ಲಾಸಿನಲ್ಲೂ ಒಬ್ಬಳಿರುತ್ತಾಳೆ! ಮಿಸೆಸ್ ಬಿ. ರೇಗುವುದಿಲ್ಲ, ಮಾಡಿ ತೋರಿಸುತ್ತಾರೆ, ಕೇಳಲು ಬಿಡುತ್ತಾರೆ.

ಪುಸ್ತಕದ ಮೇಲೆ ಬರೆದವರ ಹೆಸರೇ ಇರಲಿಲ್ಲ. ಇಂಗ್ಲೆಂಡಿನಲ್ಲೇ ಹದಿನಾರು ಆವೃತ್ತಿ ಕಂಡ ಪುಸ್ತಕಕ್ಕೆ ಹೆಸರು ಬಂದದ್ದು 1832ರಲ್ಲಿ. ಅಮೆರಿಕದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಅದು ಪಠ್ಯವಾಗಿತ್ತು. ಅಲ್ಲಿನ ಮುದ್ರಣಗಳ ಮುಖಪುಟದಲ್ಲಿ ಟಿಪ್ಪಣಿ ಸೇರಿಸಿದ ಗಂಡಸರ ಹೆಸರು ಮೆರೆದಿತ್ತು. ಅಡಿಗೆ ನಮ್ಮದು, ಬಡಿಸಿದವರ ಹೆಸರು ಊರಿಗೆಲ್ಲ.

ಲಂಡನ್ನಿನ ಒಂದು ಬೈಂಡಿಂಗ್ ಅಂಗಡಿಯಲ್ಲಿ ಕಮ್ಮಾರನ ಮಗನೊಬ್ಬ ಕೆಲಸ ಕಲಿಯುತ್ತಿದ್ದ. 1805ರಿಂದ ಏಳು ವರ್ಷದ ಕರಾರು. ಬೈಂಡಿಂಗಿಗೆ ಬಂದ ಪುಸ್ತಕಗಳೇ ಅವನಿಗೆ ಶಾಲೆ. ಅವುಗಳಲ್ಲಿ ಮಾರ್ಸೆಟ್ ಅವರದೂ ಒಂದು. ಹುಡುಗ ಓದಿ ನಂಬಿ ಕೂರಲಿಲ್ಲ. ಕೈಗೆಟುಕಿದ ಸಾಮಾನಿನಲ್ಲಿ ಚಿಕ್ಕಪುಟ್ಟ ಪ್ರಯೋಗ ಮಾಡಿ, ಆಕೆ ಹೇಳಿದ್ದು ನಿಜವೇ ಎಂದು ಒರೆಗೆ ಹಚ್ಚಿದ. ನಿಜವೆಂದು ಕಂಡಿತು. ಅಲ್ಲಿಂದ ಆ ಪುಸ್ತಕವನ್ನು ಗಟ್ಟಿಯಾಗಿ ಹಿಡಿದುಕೊಂಡ. 1813ರಲ್ಲಿ ಡೇವಿಯವರ ಪ್ರಯೋಗಶಾಲೆ ಸೇರಿದ ಆ ಹುಡುಗನೇ ಮೈಕೆಲ್ ಫ್ಯಾರಡೆ. ಕಾಂತದಿಂದ ವಿದ್ಯುತ್ ಪಡೆಯುವ ಬಗೆಯನ್ನು 1831ರಲ್ಲಿ ತೋರಿಸಿಕೊಟ್ಟವರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ಹರಿದ ಕರೆಂಟೂ ಆ ತತ್ವದ್ದೇ. ಅವತ್ತು ನಮ್ಮ ಮನೆಯಲ್ಲಿ ಹೋಗಿದ್ದದ್ದೂ ಅದೇ ಅನ್ನಿ.

1858ರಲ್ಲಿ ಮಾರ್ಸೆಟ್ ತೀರಿಕೊಂಡ ಮೇಲೆ ಫ್ಯಾರಡೆ ಸ್ನೇಹಿತರಿಗೆ ಬರೆದ ಕಾಗದದಲ್ಲಿ ಇದನ್ನೆಲ್ಲ ನೆನೆದಿದ್ದಾರೆ. ನನಗೆ ಅದರಲ್ಲಿ ಹಿಡಿಸುವುದು ಹೊಗಳಿಕೆಯಲ್ಲ. ಗುರು ಎಂದು ಭಾವಿಸಿದ ಹೆಂಗಸಿನ ಮಾತನ್ನೂ ಆ ಹುಡುಗ ಪರೀಕ್ಷಿಸದೆ ಬಿಡಲಿಲ್ಲವಲ್ಲ, ಅದು. ಆಕೆಯೂ ಅಂಥವರೇ. 1807ರಲ್ಲಿ ಡೇವಿ ಪೊಟ್ಯಾಸಿಯಂ, ಸೋಡಿಯಂ ಬೇರ್ಪಡಿಸಿದರೆ ಮುಂದಿನ ಆವೃತ್ತಿಗಳಲ್ಲಿ ಪಾಠ ತಿದ್ದಿದರು. ಎಂಬತ್ತರ ಆಸುಪಾಸಿನವರೆಗೂ ತಿದ್ದುತ್ತಲೇ ಇದ್ದರು.

ನಾನು? ಮಾರನೇ ದಿನ ಹಿಂದಿನ ಬೀದಿಯ ಕಾಲೇಜು ಮೇಷ್ಟ್ರನ್ನು ಕೇಳಿಕೊಂಡು ಬಂದೆ. ಉರಿಯ ಕಾವಿಗೆ ಲೋಟದ ಗಾಳಿ ಹಿಗ್ಗುತ್ತದೆ. ಸ್ವಲ್ಪ ಗಾಳಿ ಲೋಟ ಮುಚ್ಚುವಾಗಲೇ ಹೊರಗೆ ಹೋಗುತ್ತದೆ. ದೀಪ ಆರಿ ತಣ್ಣಗಾದಾಗ ಉಳಿದದ್ದು ಕುಗ್ಗುತ್ತದೆ, ಹೊರಗಿನ ಗಾಳಿ ನೀರನ್ನು ಒಳಕ್ಕೆ ಒತ್ತುತ್ತದೆ. ಬತ್ತಿ ಹೆಚ್ಚಾದರೆ ಕಾವು ಹೆಚ್ಚು, ನೀರೂ ಹೆಚ್ಚು. ದೀಪ ಆರುವಾಗ ಒಳಗೆ ಆಮ್ಲಜನಕ ಬೇಕಾದಷ್ಟು ಉಳಿದೇ ಇರುತ್ತದಂತೆ. ಐದರಲ್ಲೊಂದು ಪಾಲು ಎಂಬ ಲೆಕ್ಕ ಗಾಳಿಯ ಮಟ್ಟಿಗೆ ಸರಿ. ನೀರು ಏರಿದ್ದಕ್ಕೆ ಅದೇ ಕಾರಣ ಎಂದದ್ದು ತಪ್ಪು.

ಸೋಮವಾರ ಎರಡು ಮೇಣದ ಬತ್ತಿ, ಮನೆಯ ಲೋಟ ಚೀಲದಲ್ಲಿ ಹಾಕಿಕೊಂಡು ಶಾಲೆಗೆ ಹೋದೆ. ವಿಜ್ಞಾನದವರ ರಜೆ ಇನ್ನೂ ಮುಗಿದಿರಲಿಲ್ಲ. ಹೋದ ವಾರ ಹೇಳಿದ್ದು ತಪ್ಪು ಎಂದು ಅರವತ್ತು ಮಕ್ಕಳ ಮುಂದೆ ಹೇಳುವಾಗ ಬಾಯಿ ಒಣಗಿತ್ತು. ಮಕ್ಕಳೇನೂ ನಗಲಿಲ್ಲ. ಬೆಂಚು ಬಿಟ್ಟು ಮೇಜಿನ ಸುತ್ತ ಮುತ್ತಿಕೊಂಡರು. ನೀರು ಏರುವುದನ್ನು ನೋಡಿದ ಮೇಲೆ ಹಿಂದಿನಿಂದ ಒಬ್ಬಳು ಕೈ ಎತ್ತಿದಳು.

“ಮೇಡಂ, ಪರೀಕ್ಷೆಗೆ ಯಾವುದು ಬರೀಬೇಕು?”

ಪೇಪರು ತಿದ್ದುವವರು ನಾನಲ್ಲ. “ಪುಸ್ತಕದಲ್ಲಿರೋದನ್ನೇ ಬರಿ” ಎಂದುಬಿಟ್ಟೆ. ಅವಳು ತಲೆಯಾಡಿಸಿ ಕೂತಳು. ಮನೆಗೆ ಬಂದರೆ ಮಗಳು ಮೂರನೇ ಬತ್ತಿ ಹುಡುಕುತ್ತಿದ್ದಳು. ಕ್ಲಾಸಿನಲ್ಲಿ ನಾನು ಕೊಟ್ಟ ಉತ್ತರವನ್ನು ಅವಳಿಗೆ ಹೇಳಲಿಲ್ಲ.