ಲಿನಕ್ಸ್ ಕೈಪಿಡಿಗಳ ಜೀರ್ಣೋದ್ಧಾರ

ಹಸ್ತಪ್ರತಿಗಳನ್ನು ಮುಂದಿಟ್ಟುಕೊಂಡು ಕೂರುವ ನಮ್ಮಂಥವರಿಗೆ ಪ್ರತಿ ಹಳೆಯದಾದಷ್ಟೂ ಸಂತೋಷ. ಲಿಪಿಕಾರರ ಕೈ ಕಡಮೆ ಬಿದ್ದಿರುತ್ತದೆ, ಮೂಲಕ್ಕೆ ಹತ್ತಿರವಾಗಿರುತ್ತದೆ ಎಂಬ ನಂಬಿಕೆ. ಇದಕ್ಕೆ ತೀರ ವಿರುದ್ಧವಾದ ಒಂದು ವಾಙ್ಮಯವುಂಟು: ಕಂಪ್ಯೂಟರಿನಲ್ಲಿ ತಂತ್ರಾಂಶವನ್ನು ಸ್ಥಾಪಿಸುವ ಬಗೆಯನ್ನು ತಿಳಿಸುವ ಕೈಪಿಡಿಗಳು. ಇಲ್ಲಿ ಹಳೆಯ ಪ್ರತಿ ಹೋದ ವರ್ಷದ ಪಂಚಾಂಗವಿದ್ದಂತೆ. ಅಕ್ಷರ ಒಂದೂ ತಪ್ಪಿರುವುದಿಲ್ಲ. ನಂಬಿ ಮುಹೂರ್ತವಿಟ್ಟರೆ ಮಾತ್ರ ಕೆಟ್ಟಿತು.

ಲಿನಕ್ಸಿನ ಕಥೆಯನ್ನೇ ನೋಡೋಣ. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದನ್ನು ಲೋಕಕ್ಕೆ ತಿಳಿಸಿದ್ದು 1991ರ ಆಗಸ್ಟಿನಲ್ಲಿ. 1993ರಲ್ಲಿ ಹೊರಬಂದ ಸ್ಲ್ಯಾಕ್‌ವೇರ್ ಎಂಬ ಲಿನಕ್ಸ್ ಸಂಗ್ರಹವನ್ನು ಫ್ಲಾಪಿಗಳ ಕಂತೆಯಿಂದ ಒಂದೊಂದಾಗಿ ಯಂತ್ರಕ್ಕೆ ಉಣಿಸಬೇಕಾಗಿತ್ತು. ಗುರುವಿಲ್ಲದೆ ಆಗುವ ವಿದ್ಯೆಯಲ್ಲ. ಮ್ಯಾಟ್ ವೆಲ್ಷ್, ಲಾರ್ಸ್ ವಿರ್ಜೆನಿಯಸ್, ಮೈಕೇಲ್ ಜಾನ್ಸನ್ ಮೊದಲಾದವರು ಕಟ್ಟಿದ ಲಿನಕ್ಸ್ ಡಾಕ್ಯುಮೆಂಟೇಷನ್ ಪ್ರಾಜೆಕ್ಟ್ ಆ ಗುರುವಿನ ಸ್ಥಾನದಲ್ಲಿ ನಿಂತಿತು. ವೆಲ್ಷರು ಸ್ಥಾಪನೆಯ ಬಗ್ಗೆ ಇಡೀ ಪುಸ್ತಕವನ್ನೇ ಬರೆದರು. 'ಹೌ-ಟು' ಎಂಬ ಕಿರುಹೊತ್ತಗೆಗಳು ಸಾಲಾಗಿ ಬಂದುವು.

ಬಂದಷ್ಟೇ ಬೇಗ ಹಳತಾದುವು. ಮಾನಿಟರಿನ ಆವರ್ತನಗಳನ್ನು ಕೈಯಾರೆ ನಮೂದಿಸಬೇಕು, ತಪ್ಪಿದರೆ ಮಾನಿಟರೇ ಕೆಟ್ಟೀತು ಎಂದು ಅವು ಎಚ್ಚರಿಸುತ್ತಿದ್ದುವು. ಆ ಕಾಲಕ್ಕೆ ಅದು ಸತ್ಯವೇ. ಹಾರ್ಡ್‌ಡಿಸ್ಕಿನ ಮೊದಲ 1024 ಸಿಲಿಂಡರುಗಳೊಳಗೇ ಕರ್ನಲ್ ಇರಬೇಕೆಂಬ ಮಾತೂ ಹಾಗೆಯೇ. ಕಾರಣಗಳು ಹೋದುವು; ಮಡಿಯಂತೆ ಮಾತು ಉಳಿದುಕೊಂಡಿತು.

ತಿದ್ದುವವರಾರು? ತಂತ್ರಾಂಶವನ್ನಾದರೆ ಯಾರು ಬೇಕಾದರೂ ತಿದ್ದಿ ಹಂಚಬಹುದಾಗಿತ್ತು. ಪುಸ್ತಕಕ್ಕೆ ಆ ಭಾಗ್ಯವಿರಲಿಲ್ಲ. ಪ್ರಾಜೆಕ್ಟಿನ ಹಳೆಯ ಪರವಾನಗಿಯ ಪ್ರಕಾರ ಅನುವಾದವನ್ನಾಗಲಿ ಪರಿಷ್ಕರಣವನ್ನಾಗಲಿ ಹಂಚುವ ಮುನ್ನ ಲೇಖಕನ ಲಿಖಿತ ಸಮ್ಮತಿ ಬೇಕು. ತನ್ನ ಮಾತನ್ನು ಕಂಡವರೆಲ್ಲ ತಿರುಚಬಾರದೆಂಬ ಆಸೆ ಬರೆಯುವವನಿಗೆ ಸಹಜ. ಆದರೆ ಅವನ ಓದು ಮುಗಿದು, ಉದ್ಯೋಗ ಸಿಕ್ಕಿ, ಸಂಸಾರ ಹತ್ತಿ, ಪತ್ರಕ್ಕೆ ಉತ್ತರವೇ ಬಾರದಂತಾದರೆ ಪುಸ್ತಕ ಅನಾಥ. 2000ದ ಮಾರ್ಚಿನಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಪ್ರಕಟಿಸಿದ ಪರವಾನಗಿ ಪುಸ್ತಕವನ್ನೂ ತಿದ್ದಲು ಬಿಟ್ಟಿತು. ಕೆಲವು ಭಾಗಗಳನ್ನು ಯಾರೂ ಮುಟ್ಟದಂತೆ ಕಾದಿರಿಸಲು ಲೇಖಕನಿಗೆ ಅವಕಾಶವನ್ನೂ ಇಟ್ಟಿತು. ಇನ್ನೊಂದು ಲಿನಕ್ಸ್ ಸಂಗ್ರಹವನ್ನು ರೂಪಿಸುವ ಡೆಬಿಯನ್ ಬಳಗ 2006ರಲ್ಲಿ ಇದನ್ನು ಮತಕ್ಕೆ ಹಾಕಿ, ಅಂಥ ಭಾಗವುಳ್ಳ ಪುಸ್ತಕ ಸ್ವತಂತ್ರವಲ್ಲವೆಂದು ತೀರ್ಮಾನಿಸಿತು. ಹಟ ಅತಿಯಾಯಿತೆಂದು ಕೆಲವರಿಗೆ ತೋರಬಹುದು, ನನಗೆ ತೋರುವುದಿಲ್ಲ.

ಅದೇ ಬಳಗ 2005ರ ಜೂನಿನಲ್ಲಿ ಹೊರತಂದ 'ಸಾರ್ಜ್' ಎಂಬ ಆವೃತ್ತಿಯಲ್ಲಿ, ಯಂತ್ರಕ್ಕೆ ಲಿನಕ್ಸನ್ನು ಇಳಿಸುವ ತಂತ್ರಾಂಶವೇ ಹೊಸದು. ಅದನ್ನು ಸ್ಥಾಪಕವೆನ್ನೋಣ. ಸ್ಥಾಪಕದ ಮೂಲಸಂಕೇತವಿದ್ದ ಭಂಡಾರದಲ್ಲೇ, ಅದರ ಪಕ್ಕದಲ್ಲೇ, ಕೈಪಿಡಿಯ ಮೂಲವನ್ನೂ ಇಟ್ಟರು. 11 ಬಗೆಯ ಯಂತ್ರಗಳಿಗೆ ಬೇಕಾದ ಪುಸ್ತಕಗಳೆಲ್ಲ ಅದೊಂದರಿಂದಲೇ ಹೊರಡಬೇಕು. ಅನುವಾದದ ಕಡತದ ತಲೆಯಲ್ಲಿ ಇಂಗ್ಲಿಷಿನ ಎಷ್ಟನೆಯ ಪರಿಷ್ಕರಣಕ್ಕೆ ಅದು ಹೊಂದುತ್ತದೆಂಬ ಸಂಖ್ಯೆ. ನಮ್ಮ ಗ್ರಂಥಸಂಪಾದಕರು ಅಸೂಯೆಪಡಬೇಕಾದ ಶಿಸ್ತು!

ಇಷ್ಟಾದರೂ ಕಾಲ ಬಿಡಲಿಲ್ಲ. ಯುಎಸ್‌ಬಿ ಕಡ್ಡಿಯಿಂದ ಲಿನಕ್ಸ್ ಸ್ಥಾಪಿಸುವುದಾದರೆ ಬಿಂಬಕಡತವನ್ನು 'ಎಸ್‌ಡಿಎ' ಎಂಬ ಸಾಧನಕ್ಕೆ ಬರೆಯಿರೆಂದು ಅಂದಿನ ಕೈಪಿಡಿ ಉದಾಹರಣೆ ಕೊಡುತ್ತಿತ್ತು. ಅಂದಿನ ಸಾಮಾನ್ಯ ಯಂತ್ರದಲ್ಲಿ ಹಾರ್ಡ್‌ಡಿಸ್ಕಿನ ಹೆಸರು 'ಎಚ್‌ಡಿಎ', ಕಡ್ಡಿಯದು 'ಎಸ್‌ಡಿಎ'. 2007ರ ಸುಮಾರಿಗೆ ಕರ್ನಲ್ಲಿನ ಹೊಸ ಚಾಲಕಗಳು ಬಳಕೆಗೆ ಬರಲಾಗಿ ಹಳೆಯ ಬಗೆಯ ಹಾರ್ಡ್‌ಡಿಸ್ಕೂ 'ಎಸ್‌ಡಿಎ' ಆಯಿತು. ಹಳೆಯ ಪುಟವನ್ನು ಚಾಚೂ ತಪ್ಪದೆ ಪಾಲಿಸಿದವನು ಕಡ್ಡಿಯ ಬದಲು ತನ್ನ ಡಿಸ್ಕಿನ ಮೇಲೆಯೇ ಬರೆದು, ಅದರಲ್ಲಿದ್ದ ಮಗುವಿನ ಫೋಟೋಗಳನ್ನೋ ಅರ್ಧ ಬರೆದ ಪ್ರಬಂಧವನ್ನೋ ಕಳೆದುಕೊಳ್ಳಬೇಕು. ಮುಂದಿನ ಪರಿಷ್ಕರಣಗಳು ಅಲ್ಲಿ 'ಎಸ್‌ಡಿಎಕ್ಸ್' ಎಂದು ಹಾಕಿ, ಕೊನೆಯ ಅಕ್ಷರವನ್ನು ಓದುಗನ ವಿವೇಚನೆಗೆ ಬಿಟ್ಟುವು. ಒಂದಕ್ಷರದ ತಿದ್ದುಪಡಿ, ಎಷ್ಟು ಮನೆ ಉಳಿಸಿತೋ!

2011ರ ಡೆಬಿಯನ್ 6ರಲ್ಲಿ ಸ್ಥಾಪಕದ ಚಿತ್ರರೂಪಕ್ಕೆ ಕನ್ನಡವೂ ಸೇರಿತು. ಅದರ ಅನುವಾದವನ್ನು ಕಾಯುವ ಕ್ರಮ ಹೀಗಿದೆ: ಇಂಗ್ಲಿಷ್ ವಾಕ್ಯ ಬದಲಾದೊಡನೆ ಅದರ ಕನ್ನಡಕ್ಕೆ 'ಮಸುಕು' ಎಂಬ ಗುರುತು ಬೀಳುತ್ತದೆ. ಯಾರಾದರೊಬ್ಬರು ಕೂತು ಮತ್ತೆ ನೋಡುವವರೆಗೆ ಪರದೆಯ ಮೇಲೆ ಕನ್ನಡ ಹಿಂದೆ ಸರಿದು, ಆ ಒಂದು ವಾಕ್ಯ ಮಾತ್ರ ಇಂಗ್ಲಿಷಿನಲ್ಲೇ ಕಾಣುತ್ತದೆ.