ಒಣಗಿಸಿದರೆ ಸಾಯುವ ಬೀಜಗಳು: ಮನೆಯಂಗಳದಲ್ಲಿ ಸಸಿ ಎಬ್ಬಿಸುವ ಬಗೆ

ಕಾಗವಾಡ, ಅಥಣಿ, ರಾಯಬಾಗದ ಕಡೆ ನವರಾತ್ರಿಗೆ ಘಟ ಕೂಡಿಸುವ ಮನೆಗಳಲ್ಲಿ ಬೀಜ ಮೊಳೆಸುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಹೊಲದ ಮಣ್ಣು ಹರವಿ, ಗೋದಿ, ಜೋಳ ಚೆಲ್ಲಿ, ದಿನಾ ನೀರು ಚಿಮುಕಿಸಿದರೆ ದಸರೆಯ ಹೊತ್ತಿಗೆ ಗೇಣುದ್ದ ಪೈರು. ದೇವರ ಕೋಣೆಯ ಕತ್ತಲಿಗೆ ಅದು ಹಳದಿಯಾಗಿಯೇ ಉಳಿಯುತ್ತದೆ ಅಷ್ಟೆ. ಆದರೆ ಅದೇ ಕೈ ಊರಿದ ಹಲಸಿನ ಬೀಜ ಎಷ್ಟೋ ಸಲ ಮಣ್ಣಲ್ಲೇ ಕೊಳೆಯುತ್ತದೆ.

ಬೀಜಗಳ ಎರಡು ಕುಲ

ಉಣ್ಣುವ ಜೋಳ ಹಗೇವಿಗೆ, ಬಿತ್ತುವ ಜೋಳ ಬೂದಿ ಬೆರೆಸಿದ ಗಡಿಗೆಗೆ. ಎರಡಕ್ಕೂ ಮೊದಲು ಬಿಸಿಲು ಕಾಣಿಸುವುದು ನಮ್ಮ ಹಿರಿಯರ ರೂಢಿ. ಬಯಲುಸೀಮೆಯ ಈ ರೂಢಿಯೇ ಮಾವು, ಹಲಸು, ನೇರಳೆಗಳಿಗೆ ಕುತ್ತು. 1973ರಲ್ಲಿ ವಿಜ್ಞಾನಿ ಇ. ಎಚ್. ರಾಬರ್ಟ್ಸ್ ಬೀಜಗಳನ್ನು ಎರಡಾಗಿ ವಿಂಗಡಿಸಿದರು. ಜೋಳ, ಕಡಲೆಯಂಥವು ಸಂಪ್ರದಾಯಸ್ಥರು: ತೇವಾಂಶ ಶೇ. 5ಕ್ಕಿಳಿದರೂ ಜೀವ ಹಿಡಿದಿರುತ್ತವೆ. ಇನ್ನೊಂದು ಕುಲ ಹಟಮಾರಿಗಳದು. ತೇವಾಂಶ ಸುಮಾರು ಶೇ. 20-30ಕ್ಕಿಂತ ಕೆಳಗಿಳಿದರೆ ಅವುಗಳ ಭ್ರೂಣ ಸಾಯುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಥಂಡಿಗೂ ಸಾಯುತ್ತವೆ.

ಹಟಕ್ಕೆ ಕಾರಣವಿದೆ. ಮಾವು, ಹಲಸು, ನೇರಳೆ ಮುಂಗಾರಿನ ಹೊಸ್ತಿಲಲ್ಲೇ ಹಣ್ಣಾಗಿ ಉದುರುತ್ತವೆ. ನೆಲ ಹಸಿಯಾಗುವುದು ಮುಂದೆಯೇ ಇರುವಾಗ ಕಾಯುವ ಗರಜೇ ಅವಕ್ಕಿಲ್ಲ. ದೀಪಾವಳಿಯ ಆಚೀಚೆ ಹಣ್ಣಾಗುವ ಸೀತಾಫಲದ ಬೀಜ ಚಳಿ, ಬೇಸಿಗೆ ಎರಡನ್ನೂ ದಾಟಬೇಕು. ಅದು ಒಣಗಿದರೂ ತಾಳುತ್ತದೆ. ಬೇವು ಈ ಎರಡು ಕುಲಗಳ ನಡುವಿನದು. ಕಷಾಯಕ್ಕೆಂದು ಒಣಗಿಸಿಟ್ಟ ಬೇವಿನ ಬೀಜ ತಿಂಗಳುಗಟ್ಟಲೆ ಕಳೆದ ಮೇಲೆ ಊರಿದರೆ ಏಳುವುದು ಅಪರೂಪ. ಉದುರಿದ ಎರಡು ಮೂರು ವಾರದೊಳಗೆ ಊರಬೇಕು.

ತಿಂದ ದಿನವೇ ಊರುವಂಥವು

ಹಲಸಿನ ತೊಳೆಯ ಬೀಜವನ್ನು ಲೋಳೆ ಹೋಗುವಂತೆ ತೊಳೆದು ಅಂದೇ ಊರುವುದು ಒಳ್ಳೆಯದು. ಮೊಳೆಯಲು ಮೂರರಿಂದ ಎಂಟು ವಾರ ಹಿಡಿಯಬಹುದು. ತಾಯಿಬೇರು ಬೇಗ ಆಳಕ್ಕಿಳಿಯುವುದರಿಂದ ಉದ್ದನೆಯ ಚೀಲವೇ ಬೇಕು. ಮಾವಿನ ಗೊರಟೆಯ ಚಿಪ್ಪನ್ನು ಅಂಚಿನಲ್ಲಿ ಬಿಡಿಸಿ ಒಳಗಿನ ತಿರುಳನ್ನಷ್ಟೇ ಊರಿದರೆ ಎರಡು ಮೂರು ವಾರದಲ್ಲಿ ತಾಮ್ರಬಣ್ಣದ ಎಲೆ ಕಾಣುತ್ತದೆ. ನೇರಳೆಯ ಒಂದೇ ಬೀಜದಿಂದ ಎರಡು ಮೂರು ಸಸಿ ಬಂದರೆ ಬೆರಗಾಗಬೇಡಿ, ಅದರಲ್ಲಿ ಹಲವು ಭ್ರೂಣಗಳಿರುತ್ತವೆ. ಕರಿಬೇವಿನ ಕಪ್ಪು ಹಣ್ಣಿನ ತಿರುಳು ತೆಗೆದು ಹಸಿಯಾಗಿಯೇ ಹಾಕಬೇಕು.

ಗಟ್ಟಿ ಸಿಪ್ಪೆಯವು

ಹುಣಸೆ ಬೀಜವನ್ನು ಒರಟು ಕಲ್ಲಿಗೆ ಉಜ್ಜಿ ಒಂದು ದಿನ ನೆನೆಹಾಕಿದರೆ ಸಾಕು. ಗುಲ್‌ಮೊಹರಿಗೆ ಕುದಿದು ಇಳಿಸಿದ ನೀರು ಸುರಿದು ರಾತ್ರಿಯಿಡೀ ಹಾಗೇ ಬಿಡುತ್ತಾರೆ; ಒಲೆಯ ಮೇಲಿಟ್ಟೇ ಕುದಿಸಿದರೆ ಬೀಜ ಬೇಯುತ್ತದೆ.

ಪಪ್ಪಾಯಿ

ಬೀಜದ ಸುತ್ತಲಿನ ಜೆಲ್ಲಿಯಂಥ ಪೊರೆಯಲ್ಲಿ ಮೊಳಕೆ ತಡೆಯುವ ಅಂಶಗಳಿವೆ. ಬೂದಿ ಹಾಕಿ ತಿಕ್ಕಿ, ತೊಳೆದು, ನೆರಳಲ್ಲಿ ಆರಿಸಿದರೆ ಎರಡು ಮೂರು ವಾರದಲ್ಲಿ ಏಳುತ್ತದೆ. ಹೆಚ್ಚು ನೀರು ಕುಡಿಸಿದರೆ ಬುಡ ಕೊಳೆತು ಸಸಿ ಒಂದೇ ರಾತ್ರಿಗೆ ಮಗುಚುತ್ತದೆ. ನಾಟಿ ತಳಿಯಲ್ಲಿ ಗಂಡು ಗಿಡಗಳೂ ಬರುತ್ತವೆ. ಅದಕ್ಕೇ ಗುಂಡಿಗೆ ಎರಡು ಮೂರು ಹಚ್ಚಿ, ಹೂ ಬಿಟ್ಟ ಮೇಲೆ ಬೇಡದ್ದನ್ನು ಕೀಳುವುದು.

ನಮ್ಮ ಮಣ್ಣು, ನಮ್ಮ ನೀರು

ಬರೀ ಎರಿಮಣ್ಣು ತೊಯ್ದರೆ ಅಂಟು, ಒಣಗಿದರೆ ಬಿರುಕು. ಎಳೆ ಬೇರು ಹರಿಯುತ್ತದೆ. ಒಂದು ಪಾಲು ಎರಿಮಣ್ಣಿಗೆ ಒಂದು ಪಾಲು ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸೇರಿಸಬೇಕು. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಬಳಸುವವರು ಅದು ಪೂರ್ತಿ ಕಳಿಯುವವರೆಗೆ ಕಾಯಲಿ, ಹಸಿಯದು ಕಾವು ಏರಿ ಬೇರನ್ನು ಸುಡುತ್ತದೆ. ಕಬ್ಬಿನ ನೀರಾವರಿಯಿಂದ ಸವಳಾದ ನೆಲದ ಮಣ್ಣಂತೂ ಬೇಡವೇ ಬೇಡ: ಅದರ ಉಪ್ಪು ಬೀಜ ನೀರು ಹೀರುವುದನ್ನೇ ತಡೆಯುತ್ತದೆ. ಬೋರಿನ ನೀರು ಸವಳಿದ್ದರೆ ಮಳೆನೀರು ಹಿಡಿದಿಟ್ಟುಕೊಳ್ಳಿ.

ಈ ಬೀಜಗಳಿಗೆ 25-30 ಡಿಗ್ರಿ ಕಾವು ಹಿತ. ಜನವರಿಯ ಚಳಿಯಲ್ಲಿ ಪಪ್ಪಾಯಿ ಬಿತ್ತಿ ಕೂರುವುದು ವ್ಯರ್ಥ. ಮೇ ತಿಂಗಳಲ್ಲಿ ಊರಿದ ಗೊರಟೆಗೆ ಗೋಣಿಚೀಲದ ನೆರಳಿರಲಿ. ಮೃಗಶಿರಾ ಮಳೆ ಬಿದ್ದ ಮೇಲೆ ಮುಸುಕು ತೆಗೆದರಾಯಿತು.

ಬೀಜದಿಂದೆದ್ದ ಆಪೂಸು ತಾಯಿಯ ರುಚಿಯನ್ನೇ ಕೊಡುವ ಭರವಸೆಯಿಲ್ಲ. ಅದಕ್ಕೆ ನರ್ಸರಿಯವರು ಇಂಥ ಸಸಿಯನ್ನು ಬೇರಿಗಷ್ಟೇ ಇಟ್ಟುಕೊಂಡು, ಮೇಲೆ ಬೇಕಾದ ತಳಿಯ ಕುಡಿ ಕಸಿ ಕಟ್ಟುತ್ತಾರೆ.